ಪ್ಲಾಸ್ಮಾ ಜೆಟ್ (ಹೈ ವೋಲ್ಟೇಜ್ ಕೊಟ್ಟಾಗ ನಳಿಗೆಯಿಂದ ಹೊಳೀತಾ ಹೊರಬರೋ ಗ್ಯಾಸ್) ಉದ್ದ ದಿನಕ್ಕೊಂದು ಥರ ಬರ್ತಿದೆ. ವೋಲ್ಟೇಜ್ ಜಾಸ್ತಿ ಇರೋ ಸಪ್ಲೈ ತಗೊಳ್ಳಲಾ, ಹೀಲಿಯಂ ಬಿಟ್ಟು ಆರ್ಗಾನ್ ಹಾಕಲಾ? ಇದು ನಿಮ್ಮ ಪ್ರಶ್ನೆ.

ಎರಡೂ ಬೇಡ. ಸಿಲಿಂಡರಿನಿಂದ ನಿಮ್ಮ ಗಾಜಿನ ನಳಿಗೆವರೆಗೆ ಬರೋ ಪೈಪ್ ಯಾವುದು, ಅದನ್ನ ಹೇಳಿ. ಮೆತ್ತಗಿನ ಸಿಲಿಕೋನ್ ಪೈಪ್ ಆಗಿದ್ದರೆ ನಿಮ್ಮ ಕಥೆ ನನಗೆ ಬಾಯಿಪಾಠ.

ಹಾಸನದಲ್ಲಿ ನನ್ನ ಎಂಎಸ್ಸಿ ಪ್ರಾಜೆಕ್ಟೂ ಇದೇ. ಒಳವ್ಯಾಸ 2 ಮಿ.ಮೀ. ಇರೋ ಕ್ವಾರ್ಟ್ಜ್ ನಳಿಗೆ, ಹೊರಗೆ ತಾಮ್ರದ ಟೇಪಿನ ಎರಡು ಉಂಗುರ, 20 ಕಿಲೋಹರ್ಟ್ಸ್ ಸಪ್ಲೈ, ಒಳಗೆ ನಿಮಿಷಕ್ಕೆ 2 ಲೀಟರ್ ಹೀಲಿಯಂ. ನಳಿಗೆಯ ಬಾಯಿಂದ ನೇರಳೆ ದಾರದ ಹಾಗೆ ಜೆಟ್ ಬರುತ್ತೆ. ದಾರ ಅನ್ನೋದು ಕಣ್ಣಿಗೆ ಮಾತ್ರ. ಅದು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಒಂದರ ಹಿಂದೊಂದು ಹಾರೋ ಗುಂಡುಗಳ ಸಾಲು ಅಂತ 2005ರಲ್ಲೇ ಜರ್ಮನಿಯ ತಂಡವೊಂದು ಅತಿವೇಗದ ಕ್ಯಾಮೆರಾ ಇಟ್ಟು ತೋರಿಸಿತ್ತು.

ಈಗ ನನ್ನ ತಪ್ಪು. ಜುಲೈ ತಿಂಗಳು, ಹಗ್ಗದ ಮೇಲಿನ ಬಟ್ಟೆ ಮೂರು ದಿನ ಆದರೂ ಒಣಗದ ಮಳೆ. ದಿನಾ ಬೆಳಗ್ಗೆ 4 ಕಿಲೋವೋಲ್ಟಿಂದ ಶುರು ಮಾಡಿ ಸಂಜೆಗೆ 8ಕ್ಕೆ ಮುಟ್ಟಿಸುತ್ತಿದ್ದೆ. ಜೆಟ್ ಒಂದು ಸೆಂಟಿಮೀಟರಿಂದ ಮೂರೂವರೆಗೆ ಬೆಳೆಯೋದು. ಸ್ಕೇಲ್ ಇಟ್ಟು ಎಳೆದ ಹಾಗಿತ್ತು ಗ್ರಾಫು! ಎರಡು ತಿಂಗಳು ಹೀಗೇ. 7 ಘನಮೀಟರಿನ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನ ಲೆಕ್ಕದಲ್ಲಿ 58 ಗಂಟೆ ಬರುತ್ತೆ, ಅಂಥವು ಹಲವು ಮುಗಿಸಿದೆ. ಒಂದು ದಿನ ಯಾರಿಗೋ ತೋರಿಸಬೇಕು ಅಂತ ಗೈಡು ಬೆಳಗ್ಗೆಯೇ 8 ಕಿಲೋವೋಲ್ಟ್ ಹಾಕಿಸಿದರು. ಜೆಟ್ ನನ್ನ ಗ್ರಾಫಿನ ಅರ್ಧಕ್ಕೂ ಬರಲಿಲ್ಲ.

ಆದದ್ದು ಇಷ್ಟು. ಸಿಲಿಕೋನ್ ನೀರಾವಿಯನ್ನ ಒಳಗೆ ಬಿಟ್ಟುಕೊಳ್ಳುತ್ತೆ. ರಾತ್ರಿಯಿಡೀ ಆರು ಮೀಟರ್ ಪೈಪ್ ಪಸೆ ಕುಡಿಯುತ್ತಿತ್ತು, ಹಗಲು ಒಣ ಹೀಲಿಯಂ ಅದನ್ನ ನಿಧಾನಕ್ಕೆ ಹೊತ್ತು ತರುತ್ತಿತ್ತು. ನೀರಿನ ಅಣು ಎಲೆಕ್ಟ್ರಾನನ್ನ ಹಿಡಿದುಕೊಳ್ಳುತ್ತೆ, ಹೀಲಿಯಂನ ಉದ್ರಿಕ್ತ (ಶಕ್ತಿ ತುಂಬಿಕೊಂಡ) ಪರಮಾಣುಗಳ ಶಕ್ತಿಯನ್ನೂ ಕಸಿಯುತ್ತೆ, ಜೆಟ್ ಮೋಟಾಗುತ್ತೆ. ಬೆಳಗ್ಗೆ ಪೈಪ್ ಒದ್ದೆ, ವೋಲ್ಟೇಜೂ ಕಡಿಮೆ. ಸಂಜೆ ಪೈಪ್ ಒಣ, ವೋಲ್ಟೇಜೂ ಜಾಸ್ತಿ. ಪೈಪ್ ಒಣಗಿದ್ದರ ಲೆಕ್ಕವನ್ನೂ ನಾನು ವೋಲ್ಟೇಜಿನ ಖಾತೆಗೆ ಬರೆದಿದ್ದೆ. ಜೆಟ್ಟಿನ ಬೆಳಕನ್ನ ಬಿಡಿಸಿ ನೋಡೋ ಸ್ಪೆಕ್ಟ್ರಂನಲ್ಲಿ, ನೀರು ಒಡೆದಾಗ ಹುಟ್ಟೋ ಹೈಡ್ರಾಕ್ಸಿಲ್‌ನ 309 ನ್ಯಾನೋಮೀಟರ್ ಪಟ್ಟಿ ಬೆಳಗ್ಗೆ ಎದ್ದು ಕೂಗುತ್ತಿತ್ತು. ನನಗೆ ಬೇಕಿದ್ದದ್ದು 391ರ ನೈಟ್ರೋಜನ್ ಅಯಾನಿನ ಗೆರೆ. ಅದಷ್ಟನ್ನೇ ಕತ್ತರಿಸಿಟ್ಟುಕೊಂಡು ಉಳಿದದ್ದನ್ನ ಅಳಿಸಿದ್ದೆ.

ಇದು ಹೊಳೆದದ್ದು ಲ್ಯಾಬಿನಲ್ಲಲ್ಲ, ಬಿ.ಎಂ. ರಸ್ತೆಯ ಫ್ರಿಜ್ ರಿಪೇರಿ ಅಂಗಡಿಯಲ್ಲಿ. ಗ್ಯಾಸ್ ತುಂಬೋಕೆ ಮುಂಚೆ ಅಷ್ಟು ಹೊತ್ತು ವ್ಯಾಕ್ಯೂಮ್ ಯಾಕೆ ಹಿಡಿತೀರ ಅಂದೆ. "ಲೈನಲ್ಲಿ ಒಂಚೂರು ನೀರಿನ ಪಸೆ ಇದ್ರೂ ಕ್ಯಾಪಿಲರಿ ಅನ್ನೋ ಸಣ್ಣ ಪೈಪ್ ಒಳಗೆ ಐಸ್ ಕಟ್ಕೊಳ್ಳುತ್ತೆ ಸಾರ್" ಅಂದರು. ಅವತ್ತೇ ಅವರ ಹತ್ತಿರವೇ ಕಾಲು ಇಂಚಿನ ತಾಮ್ರದ ಪೈಪ್ ತಗೊಂಡು ಬಂದೆ. ವಾರದೊಳಗೆ ಬೆಳಗ್ಗೆ ಸಂಜೆ ಒಂದೇ ಉದ್ದ.

ನೀವೂ ಪೈಪ್ ಬದಲಾಯಿಸಿ, ಮೊದಲ ದಿನ ಒಂದೆರಡು ಗಂಟೆ ಗ್ಯಾಸ್ ಸುಮ್ಮನೆ ಹರಿಯಲಿ. ವೋಲ್ಟೇಜುಗಳನ್ನ ಚೀಟಿ ಎತ್ತಿದ ಹಾಗೆ ಹಿಂದೆ ಮುಂದೆ ಮಾಡಿ ಅಳೆಯಿರಿ. ಆರ್ಗಾನ್ ಅಗ್ಗ ನಿಜ, ಆದರೆ ಜೆಟ್ ಎಳೆ ಎಳೆಯಾಗಿ ಕುಣಿಯುತ್ತೆ, ನೀರಂತೂ ಅದೇ ಪೈಪಿಂದ ಬಂದೇ ಬರುತ್ತೆ. ಆರ್ಗಾನ್ ಸಿಲಿಂಡರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.