ಟ್ರ್ಯಾಕ್‌ನಲ್ಲಿ ನಾಲ್ಕನೇ ಸುತ್ತಿಗೇ ಬ್ರೇಕ್ ಪೆಡಲ್ ನೆಲ ಮುಟ್ಟಿತು, ಬಿಗ್ ಬ್ರೇಕ್ ಕಿಟ್ ಹಾಕಿಸಬೇಕಾ?

ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ (ಪ್ಯಾಡ್ ಹಿಡಿದಿರುವ ಭಾಗ) ಇರುವ ಆ ಕಿಟ್ ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬೆಳಗಾವಿಯಿಂದ ಸ್ಕೋಡಾ ಸ್ಲಾವಿಯಾ 1.5 ಟರ್ಬೊ ಕಾರು ತೆಗೆದುಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿದ್ದೀರಿ. ನಾಲ್ಕನೇ ಸುತ್ತಿಗೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಯಿತು, ಎರಡು ಮೂರು ಸಲ ಪಂಪ್ ಮಾಡಿದಾಗ ಹಿಡಿಯಿತು, ಒಂದು ತಾಸು ನಿಲ್ಲಿಸಿದ ಮೇಲೆ ಸರಿಯಾಯಿತು ಅಂತ ಬರೆದಿದ್ದೀರಿ. ಅಲ್ಲಿ ಕುದ್ದದ್ದು ಬ್ರೇಕ್ ಆಯಿಲ್. ಕುದ್ದಾಗ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತವೆ. ಆಯಿಲ್ ಅದುಮಿದರೆ ಕುಗ್ಗದು, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದು ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತುವ ಪಿಸ್ಟನ್‌ವರೆಗೆ ಮುಟ್ಟುವುದೇ ಇಲ್ಲ.

ಪ್ಯಾಡ್ ಸೋತಾಗಿನ ಲಕ್ಷಣ ಬೇರೆ. ಆಗ ಪೆಡಲ್ ಕಲ್ಲಿನಂತೆ ಗಟ್ಟಿ ಇರುತ್ತದೆ, ಗಾಡಿ ಮಾತ್ರ ನಿಲ್ಲದೆ ಜಾರುತ್ತ ಹೋಗುತ್ತದೆ. ಚಕ್ರ ಬಿಚ್ಚಿ ನೋಡಿದರೆ ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿರುತ್ತದೆ, ಅಂಚು ಬೂದಿ ಬಣ್ಣಕ್ಕೆ ತಿರುಗಿ ಉಗುರಿಗೇ ಉದುರುತ್ತದೆ. ನಿಮ್ಮ ಗಾಡಿಯಲ್ಲಿ ಇದೂ ಶುರುವಾಗಿರಬಹುದು, ಹಾಗಾಗಿ ಆಯಿಲ್ ಬದಲಿಸುವಾಗ ಪ್ಯಾಡನ್ನೂ ಹೊರಗೆ ತೆಗೆದು ನೋಡಿ.

ಇಷ್ಟು ಶಾಖ ಎಲ್ಲಿಂದ ಬಂತು ಅಂದರೆ, ಲೆಕ್ಕ ಸರಳ. ಚಾಲಕ ಸೇರಿ ಗಾಡಿ 1,350 ಕೆ.ಜಿ. ಅಂತ ಹಿಡಿಯಿರಿ. 150 ಕಿ.ಮೀ. ವೇಗದಿಂದ 60ಕ್ಕೆ ಒಮ್ಮೆ ಇಳಿಸಿದರೆ ಹತ್ತಿರ ಹತ್ತಿರ 10 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಮೂರು ಲೀಟರ್ ನೀರನ್ನು ಕುದಿಗೆ ತರಲು ಅಷ್ಟು ಸಾಕು. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕ್‌ಗಳ ಪಾಲಿಗೆ. ಒಂದು ಡಿಸ್ಕ್ 6 ಕೆ.ಜಿ. ಇದ್ದರೆ ಒಂದೇ ಬ್ರೇಕಿಗೆ ಅದರ ಬಿಸಿ ಸುಮಾರು 130 ಡಿಗ್ರಿ ಏರುತ್ತದೆ. ಅದು ಆರುವುದರೊಳಗೆ ಮುಂದಿನ ತಿರುವು ಬಂದಿರುತ್ತದೆ. ಕರಿ ಟ್ರ್ಯಾಕ್ 2.1 ಕಿ.ಮೀ. ಅಷ್ಟೇ, ಉಸಿರಾಡಲು ಉದ್ದನೆಯ ನೇರ ದಾರಿ ಕಡಿಮೆ. ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವಾಗ ಹಾಳಾಗದ ಬ್ರೇಕ್ ಇಲ್ಲಿ ಹೇಗೆ ಹಾಳಾಯಿತು ಅಂತ ಕೇಳಿದ್ದೀರಿ. ಘಾಟಿನಲ್ಲಿ ಇಳಿಯುವ ಎತ್ತರ ದೊಡ್ಡದಾದರೂ ಆ ಶಾಖ ಹೊತ್ತು ಹಿಡಿದು ಹಂಚಿಹೋಗುತ್ತದೆ, ಗೇರಿನಲ್ಲಿ ಇಳಿದರೆ ಎಂಜಿನ್ನೂ ಒಂದು ಪಾಲು ಹೊರುತ್ತದೆ.

ಈಗ ಆಯಿಲ್. ಬ್ರೇಕ್ ಆಯಿಲ್‌ನ ಡಾಟ್ 4 ದರ್ಜೆಗೆ ಹೊಸದಿದ್ದಾಗ ಕನಿಷ್ಠ ಕುದಿಬಿಂದು 230 ಡಿಗ್ರಿ ಇರಬೇಕು, ನೀರು ಹೀರಿದ ಮೇಲೆ 155. ಈ 155 ಅನ್ನುವುದು ಆಯಿಲ್‌ನಲ್ಲಿ 3.7 ಶೇಕಡಾ ನೀರು ಸೇರಿದಾಗಿನ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ರಬ್ಬರ್ ಹೋಸ್‌ನ ಮೂಲಕವೂ ಎಳೆದುಕೊಳ್ಳುತ್ತದೆ. ವಿಜಯಪುರದ ಒಣ ಹವೆಗಿಂತ ಬೆಳಗಾವಿಯ ಮಳೆಗಾಲ ಈ ವಿಷಯದಲ್ಲಿ ಕೆಟ್ಟದ್ದು. ಎರಡು ಮಳೆಗಾಲ ಕಂಡ ಆಯಿಲ್ ಇಟ್ಟುಕೊಂಡು ಟ್ರ್ಯಾಕ್‌ಗೆ ಹೋಗಲೇಬೇಡಿ. ಮೋಟುಲ್ ಆರ್‌ಬಿಎಫ್ 600 ತರಹದ್ದು ಹೊಸದಿದ್ದಾಗ 312 ಡಿಗ್ರಿವರೆಗೆ ತಡೆಯುತ್ತದೆ. ಅರ್ಧ ಲೀಟರಿನ ಎರಡು ಬಾಟಲಿ ತನ್ನಿ, ಪೂರ್ತಿ ಬದಲಿಸಲು ಒಂದು ಲೀಟರ್ ಬೇಕಾಗುತ್ತದೆ. ಮುಚ್ಚಳ ತೆರೆದಿಟ್ಟ ಬಾಟಲಿ ಮುಂದಿನ ಸಲಕ್ಕೆ ಬರುವುದಿಲ್ಲ. ಡಾಟ್ 5 ಸಿಲಿಕೋನ್‌ನದು, ಅದನ್ನು ಇದರ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಆಯಿಲ್ ಒಮ್ಮೆ ಕುದ್ದಿದೆ ಅಂದಮೇಲೆ ತಣಿದ ನಂತರ ಪೆಡಲ್ ಸರಿ ಅನ್ನಿಸಿದರೂ ನಂಬಬೇಡಿ, ಪೂರ್ತಿ ಹೊರಗೆ ತೆಗೆಯಲೇಬೇಕು. ಮೊದಲು ರಿಸರ್ವಾಯರ್‌ನಲ್ಲಿನ ಹಳೆಯದನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ. ಪ್ರತಿ ಚಕ್ರದ ಬ್ರೇಕ್‌ನಲ್ಲಿ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ರಿಂಗ್ ಪಾನಾ ಕೂರಿಸಿ (ಓಪನ್ ಪಾನಾ ಹಾಕಿದರೆ ಮೂಲೆ ಸವೆದು ನಿಪ್ಪಲ್ ಹಾಳು), ಮೇಲೆ ಪಾರದರ್ಶಕ ನಳಿಕೆ ಹಾಕಿ. ನಳಿಕೆಯ ತುದಿ ಬಾಟಲಿಯೊಳಗಿನ ಆಯಿಲ್‌ನಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ನೀವು ಕಾಲು ಸುತ್ತು ಸಡಿಲಿಸಿ, ಹರಿವು ನಿಲ್ಲುವ ಮುಂಚೆ ಬಿಗಿ ಮಾಡಿ, ಆಮೇಲೆ ಅವರು ಕಾಲು ಎತ್ತಲಿ. ಈ ಕ್ರಮ ತಪ್ಪಿದರೆ ಹವಾ ಒಳಗೆ ಹೋಗುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಅದರ ತುದಿಯಲ್ಲಿ, ಪಿಸ್ಟನ್ ಎಂದೂ ಹೋಗದ ಜಾಗದಲ್ಲಿ ಕಿಲುಬು ಇರುತ್ತದೆ, ನೆಲದವರೆಗೆ ತುಳಿದರೆ ಸೀಲ್ ಹರಿಯುತ್ತದೆ. ಕುದ್ದ ಆಯಿಲ್ ಬರುವಾಗ ನಳಿಕೆಯಲ್ಲಿ ಸೋಡಾದಂತೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ, ಬಣ್ಣ ಕಪ್ಪು ಚಹಾದಂತೆ ಇರುತ್ತದೆ. ತಿಳಿಯಾಗಿ ಬರುವವರೆಗೆ ಬಿಡಬೇಡಿ. ಯಾವ ಚಕ್ರ ಮೊದಲು ಅನ್ನುವುದನ್ನು ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಮಾಡಿ. ಎಬಿಎಸ್ ಘಟಕದೊಳಗಿನದು ಬರಬೇಕಾದರೆ ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸಬೇಕು, ಇದು ಇರುವ ಗ್ಯಾರೇಜಿಗೇ ಹೋಗಿ. ಪೇಂಟ್ ಮೇಲೆ ಒಂದು ಹನಿ ಬಿದ್ದರೂ ತಕ್ಷಣ ನೀರು ಹೊಯ್ಯಿರಿ.

ಪ್ಯಾಡ್ ವಿಷಯಕ್ಕೆ ಬಂದರೆ, ಕಂಪನಿ ಪ್ಯಾಡ್ ಮೊದಲ ಒತ್ತಿಗೇ ಹಿಡಿಯಬೇಕು, ಶಬ್ದ ಮಾಡಬಾರದು, ಧೂಳು ಬಿಡಬಾರದು ಅಂತ ಮಾಡಿದ್ದು. ಊರಲ್ಲೂ ಓಡಿಸುವ ಗಾಡಿಗೆ ಫೆರೋಡೋ ಡಿಎಸ್2500 ಅಥವಾ ಆ ದರ್ಜೆಯದು ಸಾಕು, ಪೂರ್ತಿ ರೇಸಿನದು ಬೇಡ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಆಕಾರ ಹೋಲಿಸಿಯೇ ದುಡ್ಡು ಕೊಡಿ. 6 ಮಿ.ಮೀ.ಗಿಂತ ತೆಳುವಾದ ಪ್ಯಾಡ್ ಹಾಕಿಕೊಂಡು ಟ್ರ್ಯಾಕ್‌ಗೆ ಇಳಿಯಬೇಡಿ. ಪ್ಯಾಡ್ ದಪ್ಪ ಕಡಿಮೆಯಾದಷ್ಟೂ ಡಿಸ್ಕಿನ ಬಿಸಿ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಬೇಗ ದಾಟುತ್ತದೆ. ನಿಮ್ಮ ಆಯಿಲ್ ಕುದಿಯಲು ಇದೂ ಒಂದು ಕಾರಣ ಆಗಿರಬಹುದು.

ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು. 100ರಿಂದ 30ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ಎಬಿಎಸ್ ತಾಗದಷ್ಟು ಬಲದಲ್ಲಿ ಇಳಿಸಿ, ಆಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಇದನ್ನು ಹೈವೇ 48ರಲ್ಲಿ ಮಾಡಬೇಡಿ, ಹಿಂದೆ ಬರುವ ಲಾರಿಯವನಿಗೆ ನೀವು ಯಾಕೆ ಬ್ರೇಕ್ ಹಾಕುತ್ತಿದ್ದೀರಿ ಅಂತ ಗೊತ್ತಿರುವುದಿಲ್ಲ. ಟ್ರ್ಯಾಕ್‌ನ ಮೊದಲ ಸೆಷನ್ನನ್ನು ಇದಕ್ಕೇ ಮೀಸಲಿಡಿ.

ಸ್ಟೀಲ್ ಬ್ರೇಡೆಡ್ ಹೋಸ್ ಪೆಡಲ್ ಗಟ್ಟಿ ಮಾಡುತ್ತದೆ, ಬಿಸಿಗೆ ಅದರಿಂದ ಏನೂ ಆಗದು. ತೂತು ಕೊರೆದ ಡಿಸ್ಕ್ ಚೆಂದ ಕಾಣುತ್ತದೆ, ಟ್ರ್ಯಾಕ್‌ನಲ್ಲಿ ತೂತಿನಿಂದಲೇ ಬಿರುಕು ಏಳುತ್ತದೆ. ಸಾದಾ ವೆಂಟಿಲೇಟೆಡ್ (ಒಳಗೆ ಗಾಳಿ ದಾರಿ ಇರುವ) ಡಿಸ್ಕ್ ಇಲ್ಲವೇ ಮೈಯಲ್ಲಿ ಗೀರು ಕೊರೆದದ್ದನ್ನು ಹಾಕಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಡಿಸ್ಕ್ ಎರಕ ಹೊಯ್ಸಬಹುದಾ ಅಂತ ಕೇಳಿದ್ದೀರಿ. ಅಲ್ಲಿನ ಫೌಂಡ್ರಿಯವರಿಗೆ ಡಿಸ್ಕ್ ಮಾಡುವ ಗ್ರೇ ಐರನ್ (ಎರಕದ ಕಬ್ಬಿಣ) ಹೊಸದೇನಲ್ಲ, ಅದರೊಳಗಿನ ಗ್ರಾಫೈಟ್ ಪದರಗಳೇ ಶಾಖವನ್ನು ಸಾಗಿಸುತ್ತವೆ ಅಂತಲೂ ಗೊತ್ತು. ಆದರೂ ಬ್ಯಾಲೆನ್ಸ್, ಒಳಗಿನ ಗಾಳಿ ದಾರಿ, ಬಿರುಕಿನ ಪರೀಕ್ಷೆ ಇಲ್ಲದ ಒಂದೇ ಒಂದು ಡಿಸ್ಕನ್ನು ನಂಬಿ ಪ್ರಾಣ ಇಡಬಾರದು. ಅಲ್ಲಿ ಮಾಡಿಸಬೇಕಾದದ್ದು ಗಾಳಿ ಕೊಳವೆಯ ಬ್ರಾಕೆಟ್. ಬಂಪರಿನ ಕೆಳ ಜಾಲರಿಯಿಂದ ಎರಡೂವರೆ ಇಂಚಿನ ಶಾಖ ತಡೆಯುವ ಸಿಲಿಕೋನ್ ಹೋಸ್ ಎಳೆದು, ಧೂಳು ತಡೆಯುವ ತಗಡಿಗೆ ಬಾಯಿ ಮಾಡಿ ಡಿಸ್ಕಿನ ನಡುಭಾಗಕ್ಕೆ ಗಾಳಿ ಬಿಡಿ. ಡಿಸ್ಕ್ ನಡುವಿನಿಂದ ಎಳೆದು ಅಂಚಿನಿಂದ ಹೊರಗೆ ತೂರುತ್ತದೆ. ಒಂದೇ ಮುಖಕ್ಕೆ ಬಿಟ್ಟರೆ ಆ ಬದಿ ಮಾತ್ರ ತಣಿದು ಡಿಸ್ಕ್ ಸೊಟ್ಟಾಗಬಹುದು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರಿಗೆ ತಾಗದಂತೆ ನೋಡಿ.

ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಕಿಟ್ ಮಾತು. ಸಾಲುತ್ತದೋ ಇಲ್ಲವೋ ಅನ್ನುವುದಕ್ಕೆ ಡಿಸ್ಕಿನ ಅಂಚಿಗೆ ಶಾಖ ಸೂಚಕ ಬಣ್ಣ ಹಚ್ಚಿ. ಎಪಿ ರೇಸಿಂಗ್‌ನ ಹಸಿರು 430, ಕಿತ್ತಳೆ 560, ಕೆಂಪು 610 ಡಿಗ್ರಿಗೆ ಬಣ್ಣ ಬದಲಿಸುತ್ತವೆ. ಒಳ್ಳೆಯ ಪ್ಯಾಡ್, ಗಾಳಿ ಎರಡೂ ಇದ್ದು ಕೆಂಪು ತಿರುಗಿದರೆ ಡಿಸ್ಕ್ ಸಣ್ಣದಾಯಿತು ಅಂತ ಅರ್ಥ. ಆಗಲೂ ಮುಂದೆ ಮಾತ್ರ ದೊಡ್ಡ ಕ್ಯಾಲಿಪರ್ ಹಾಕಿ ಹಿಂದೆ ಡ್ರಮ್ಮನ್ನೇ ಬಿಟ್ಟರೆ ಹಿಡಿತದ ಹಂಚಿಕೆ ಕೆಡುತ್ತದೆ, ಪಿಸ್ಟನ್ ಅಳತೆ ಕೇಳದೆ ಕೊಳ್ಳಬೇಡಿ.

ಓಡಿಸುವಾಗ ಒಂದು ಸುತ್ತು ಬೆಚ್ಚಗೆ ಮಾಡಲು, ಮೂರು ಜೋರು, ಒಂದು ತಣಿಸಲು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬೇಗ ಬಿಡಿ, ಕಾಲು ಆನಿಸಿಕೊಂಡು ಎಳೆಯಬೇಡಿ. ಗಾಡಿ ಜಾರದಂತೆ ತಡೆಯುವ ಇಎಸ್‌ಸಿಯ ದೀಪ ಪ್ರತಿ ತಿರುವಿನಲ್ಲೂ ಮಿನುಗುತ್ತಿದ್ದರೆ ಗಾಡಿ ತಾನೇ ಬ್ರೇಕ್ ಹಾಕುತ್ತಿದೆ, ಆ ಬಿಸಿಯೂ ಸೇರುತ್ತದೆ. ಪಿಟ್‌ಗೆ ಬಂದ ಮೇಲೆ ಬ್ರೇಕ್ ಒತ್ತಿ ಹಿಡಿಯಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ಡಿಸ್ಕಿಗೆ ಪ್ಯಾಡ್ ಅಂಟಿದ ಜಾಗದಲ್ಲಿ ಪದರ ಕೂರುತ್ತದೆ. ಆಮೇಲೆ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುವುದು, ಡಿಸ್ಕ್ ಬೆಂಡಾಗಿದೆ ಅನ್ನುವುದು ಬಹಳ ಸಲ ಇದೇ.

ಊರಿಗೆ ಹೊರಡುವ ಮುಂಚೆ ಪ್ಯಾಡ್ ದಪ್ಪ, ಪಿಸ್ಟನ್ ಸುತ್ತಲಿನ ರಬ್ಬರ್ ಸುಟ್ಟಿದೆಯಾ ಅನ್ನುವುದನ್ನು ನೋಡಿ, ಪೆಡಲ್ ಸ್ವಲ್ಪ ಮೆತ್ತಗಿದ್ದರೂ ಅಲ್ಲೇ ಹವಾ ತೆಗೆಸಿ. ಹಳೆಯ ಕಂಪನಿ ಪ್ಯಾಡ್ ಎಸೆಯಬೇಡಿ. ಟ್ರ್ಯಾಕ್ ಪ್ಯಾಡ್ ತಣ್ಣಗೆ ಒದ್ದೆಯಾಗಿದ್ದಾಗ ಮೊದಲ ಒತ್ತಿಗೆ ಕಡಿಮೆ ಹಿಡಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚೋರ್ಲಾ ಇಳಿಯುವುದಿದ್ದರೆ ಹಳೆಯದನ್ನೇ ಮತ್ತೆ ಹಾಕಿಕೊಂಡು ಹೋಗಿ.