ಪ್ರೆಶರ್ ಪಂಪ್ ಟಕಟಕ ಆನ್-ಆಫ್ ಆಗ್ತಿದ್ರೆ ಮೊದಲು ಟ್ಯಾಂಕಿನ ಗಾಳಿ ನೋಡಿ

ಹೊಳಲ್ಕೆರೆ ಹತ್ತಿರದ ತೋಟದ ಮನೆ, ಬೋರಿನ ನೀರು ಸಂಪಿಗೆ, ಸಂಪಿನಿಂದ 24 ಲೀಟರ್ ಟ್ಯಾಂಕಿನ ಪ್ರೆಶರ್ ಪಂಪ್. ನಲ್ಲಿ ಬಿಟ್ಟರೆ ಎರಡು ಮೂರು ಸೆಕೆಂಡಿಗೊಮ್ಮೆ ಮೋಟರ್ ಆನ್-ಆಫ್, ಪ್ರೆಶರ್ ಸ್ವಿಚ್ (ಒತ್ತಡ ನೋಡಿ ಮೋಟರ್ ಆನ್-ಆಫ್ ಮಾಡೋ ಡಬ್ಬಿ) ಬದಲಿಸಿ ಅಂತ ಮೆಕ್ಯಾನಿಕ್ ಅಂದಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೀರಿ. ಸ್ವಿಚ್ಚಿಗೆ ಈಗಲೇ ದುಡ್ಡು ಹಾಕಬೇಡಿ. ಈ ಲಕ್ಷಣಕ್ಕೆ ಹೆಚ್ಚಿನ ಸಲ ಕಾರಣ ಟ್ಯಾಂಕಿನೊಳಗಿನ ಗಾಳಿ ಹೋಗಿರೋದು.

ಟ್ಯಾಂಕಿನ ಒಳಗೆ ರಬ್ಬರ್ ಚೀಲ ಇರುತ್ತೆ. ನೀರು ಚೀಲದಲ್ಲಿ, ಅದರ ಸುತ್ತ ಗಾಳಿ. ನೀರನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ, ಸ್ಪ್ರಿಂಗಿನ ಕೆಲಸ ಮಾಡೋದು ಗಾಳಿಯೇ. ಸ್ವಿಚ್ 1.4 ಬಾರ್ (ಒತ್ತಡದ ಅಳತೆ, ಸುಮಾರು 20 ಪಿಎಸ್ಐ) ಗೆ ಆನ್, 2.8ಕ್ಕೆ ಆಫ್ ಇದ್ದು ಗಾಳಿ ಸರಿಯಿದ್ದರೆ, ಮೋಟರ್ ಏಳದೆ 24 ಲೀಟರ್ ಟ್ಯಾಂಕಿಂದ ಸುಮಾರು 8 ಲೀಟರ್ ನೀರು ಸಿಗಬೇಕು. ಗಾಳಿ ಹೋದರೆ ಒಂದು ಚೊಂಬೂ ಸಿಗಲ್ಲ. ಪ್ರತಿ ಸ್ಟಾರ್ಟಿಗೂ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ವೈಂಡಿಂಗ್, ಕೆಪಾಸಿಟರ್, ಸ್ವಿಚ್ ಪಾಯಿಂಟ್ ಮೂರೂ ಸುಡೋದು ಇದರಿಂದಲೇ.

ಪರೀಕ್ಷೆ ಹೀಗೆ ಮಾಡಿ. ಎಂಸಿಬಿ (ಪಂಪಿನ ಕರೆಂಟ್ ಕಡಿಯೋ ಸ್ವಿಚ್) ಆಫ್ ಮಾಡಿ, ಟ್ಯಾಂಕಿಗೆ ಹತ್ತಿರದ ತಗ್ಗಿನ ನಲ್ಲಿ ಬಿಟ್ಟು ಒತ್ತಡದ ಮೀಟರ್ ಸೊನ್ನೆಗೆ ಬರೋವರೆಗೂ ನೀರು ಹರಿಸಿ. ನಲ್ಲಿ ತೆರೆದೇ ಇರಲಿ. ನೀರು ತುಂಬಿದ್ದಾಗ ಅಳೆದ ಗಾಳಿ ಲೆಕ್ಕಕ್ಕೆ ಬರಲ್ಲ, ಹೆಚ್ಚಿನವರು ತಪ್ಪೋದು ಇಲ್ಲೇ. ಟ್ಯಾಂಕಿನ ತುದಿಯ ಕ್ಯಾಪ್ ತೆಗೆದರೆ ಬೈಕ್ ಟ್ಯೂಬಿನಂಥದ್ದೇ ವಾಲ್ವ್ ಇರುತ್ತೆ. ಪಿನ್ ಒತ್ತಿದಾಗ ಗಾಳಿ ಬದಲು ನೀರು ಬಂದರೆ ಚೀಲ ಹರಿದಿದೆ. ಫ್ಲ್ಯಾಂಜಿನ (ಟ್ಯಾಂಕಿನ ಬಾಯಿಯ ದುಂಡು ಪ್ಲೇಟಿನ) ಬೋಲ್ಟ್ ಬಿಚ್ಚಿ ಚೀಲ ಮಾತ್ರ ಬದಲಿಸಬಹುದು, ಪೂರ್ತಿ ಟ್ಯಾಂಕ್ ಬೇಡ. ಬರೀ ಗಾಳಿ ಬಂದರೆ ಟೈರ್ ಗೇಜ್ ಇಟ್ಟು ನೋಡಿ, ಸೈಕಲ್ ಪಂಪಿಂದ 18 ಪಿಎಸ್ಐಗೆ ತನ್ನಿ. ನಿಮ್ಮ ಸ್ವಿಚ್ 20 ಪಿಎಸ್ಐಗೆ ಆನ್ ಆಗೋದಾದರೆ ಅದಕ್ಕಿಂತ ಎರಡು ಮೂರು ಕಡಿಮೆ ಇರಬೇಕು ಅಂತ ಈ ಲೆಕ್ಕ. ಜಾಸ್ತಿ ಹೊಡೆದರೆ ಮೋಟರ್ ಏಳೋ ಮುಂಚೆ ನಲ್ಲಿಯಲ್ಲಿ ನೀರು ಒಂದು ಕ್ಷಣ ನಿಂತು ಬರುತ್ತೆ.

ಗಾಳಿ ಸರಿಯಿದ್ದೂ ಹಾಗೇ ಆದರೆ ಆಗ ಸ್ವಿಚ್ ಕಡೆ ನೋಡಿ. ನಮ್ಮ ಕಡೆ ಬೋರಿನ ಗಡಸು ನೀರು ಸ್ವಿಚ್ಚಿನ ಕೆಳಗಿನ ಕಾಲಿಂಚಿನ ಕಿಂಡಿಯಲ್ಲಿ ಬಿಳಿ ಸುಣ್ಣ ಕಟ್ಟಿಸುತ್ತೆ. ಒತ್ತಡ ಸ್ವಿಚ್ಚಿಗೆ ಮುಟ್ಟೋದೇ ತಡ ಆಗುತ್ತೆ. ಮತ್ತೆ ಎಂಸಿಬಿ ಆಫ್ ಮಾಡಿ, ನೀರು ಹರಿಸಿ, ಸ್ವಿಚ್ ಬಿಚ್ಚಿ ತೆಳು ತಂತಿಯಿಂದ ಕಿಂಡಿ ಬಿಡಿಸಿ. ಮುಚ್ಚಳದ ಒಳಗೆ ಇರುವೆ ಸತ್ತಿದೆಯಾ ಅಂತಲೂ ನೋಡಿ, ಪಾಯಿಂಟ್ ಮಧ್ಯೆ ಸುಟ್ಟ ಇರುವೆ ಇದ್ದರೆ ಮೋಟರ್ ಏಳೋದೇ ಇಲ್ಲ.

ಒತ್ತಡ ಸಾಲದು ಅಂತ ಸ್ವಿಚ್ಚಿನೊಳಗಿನ ದೊಡ್ಡ ನಟ್ ತಿರುಗಿಸೋ ಮುಂಚೆ ಪಂಪಿನ ನೇಮ್ ಪ್ಲೇಟ್ ಓದಿ. ಹೆಡ್ (ಪಂಪ್ ನೀರೆತ್ತಬಲ್ಲ ಎತ್ತರ) 30 ಮೀಟರ್ ಅಂದರೆ ಹೆಚ್ಚೆಂದರೆ 3 ಬಾರ್. ಆಫ್ 3ಕ್ಕೆ ಇಟ್ಟರೆ ವೋಲ್ಟೇಜ್ ಇಳಿದ ಸಂಜೆ ಅಷ್ಟು ಒತ್ತಡ ಬರೋದೇ ಇಲ್ಲ. ಪಂಪ್ ನಿಲ್ಲದೆ ಒಳಗಿನ ನೀರು ಕಾಯ್ದು ಸೀಲ್ ಹೋಗುತ್ತೆ.

ಯಾರೂ ನೀರು ಬಳಸದಾಗಲೂ ರಾತ್ರಿ ಮೋಟರ್ ಏಳುತ್ತೆ ಅಂದಿರಲ್ಲ, ಅದು ಬೇರೆ ರೋಗ. ಟ್ಯಾಂಕಿಂದ ಮನೆಗೆ ಹೋಗೋ ಗೇಟ್ ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಆಗಲೂ ಮೀಟರ್ ಇಳಿದರೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದ ಹಾಗೆ ತಡೆಯೋ ವಾಲ್ವ್) ಅಥವಾ ಸಂಪಿನೊಳಗಿನ ಪೈಪಿನ ತುದಿಯ ಫುಟ್ ವಾಲ್ವ್ ಸೋರುತ್ತಿದೆ. ಇಳಿಯದಿದ್ದರೆ ಮನೆಯೊಳಗೇ ಸೋರಿಕೆ, ಮೊದಲು ಫ್ಲಶ್ ಟ್ಯಾಂಕ್ ನೋಡಿ.

ಬೋರಿಗೇ ನೇರ ಪ್ರೆಶರ್ ಟ್ಯಾಂಕ್ ಕೂರಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ತ್ರೀ ಫೇಸ್ ಇರೋದು ಕೆಲವೇ ಗಂಟೆ, ಉಳಿದ ಹೊತ್ತು ಮನೆಗೆ ನೀರೇ ಇರಲ್ಲ. ನೀರು ಕಡಿಮೆ ಇರೋ ಬೋರಿನಲ್ಲಿ ಆಳದ ಮೋಟರನ್ನ ದಿನಕ್ಕೆ ಹತ್ತಾರು ಸಲ ಎಬ್ಬಿಸಿದರೆ ಅದನ್ನ ಮೇಲೆತ್ತೋ ಖರ್ಚೇ ಸಂಪಿನ ಖರ್ಚಿಗಿಂತ ಜಾಸ್ತಿ ಆದೀತು. ಸಂಪಿನ ವ್ಯವಸ್ಥೆಯೇ ಇರಲಿ. ಅದಕ್ಕೊಂದು ಫ್ಲೋಟ್ ಸ್ವಿಚ್ ಹಾಕಿ, ಸಂಪು ಖಾಲಿಯಾದಾಗ ಪ್ರೆಶರ್ ಪಂಪ್ ಒಣಗಿ ಓಡದ ಹಾಗೆ. ಗಾಳಿಯನ್ನ ಮೂರು ತಿಂಗಳಿಗೊಮ್ಮೆ ಅಳೆಯಿರಿ. ಈಗ ಅಳೆದಾಗ ಎಷ್ಟು ಪಿಎಸ್ಐ ಇತ್ತು ಅಂತ ಇಲ್ಲೇ ಹಾಕಿ, ಮುಂದಿನದು ನೋಡೋಣ.