ಗಂಜಿ ಕೇಂದ್ರದಲ್ಲಿ ಚಪ್ಪಾಳೆ

ಓದುಗರ ಪತ್ರ: 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ನಮ್ಮ ಮನೆ, ಕಾಫಿ ತೋಟ ಎರಡೂ ಹೋದವು. ಗಂಜಿ ಕೇಂದ್ರದಲ್ಲಿದ್ದಾಗ ಒಂದು ಭಾನುವಾರ ಮೊಬೈಲಿನಲ್ಲಿ ಪಿ.ವಿ. ಸಿಂಧು ಫೈನಲ್ ಗೆದ್ದದ್ದನ್ನು ನೋಡಿ ಚಪ್ಪಾಳೆ ತಟ್ಟಿದೆವು. “ಮನೆ ಕಳೆದುಕೊಂಡವರಿಗೆ ಇದೆಂಥ ಸಂಭ್ರಮ?” ಎಂದರು ದೊಡ್ಡಪ್ಪ. ಆ ಮಾತು ಇಂದಿಗೂ ಚುಚ್ಚುತ್ತದೆ. ನಾವು ಮಾಡಿದ್ದು ತಪ್ಪೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ: ತಪ್ಪಲ್ಲ. ಹಾಗೆಂದು ದೊಡ್ಡಪ್ಪನನ್ನು ದೂರುವುದೂ ಬೇಡ. ತೋಟ ನೆಟ್ಟು ಬೆಳೆಸಿದವರ ಸಂಕಟ ಬೇರೆಯೇ.

ನೀವು ನೋಡಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಆಗಸ್ಟ್ 25ರಂದು ನಡೆದ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ ಫೈನಲ್. 2017ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ ನೊಜೊಮಿ ಒಕುಹರಾ ಎದುರು 110 ನಿಮಿಷ ಸೆಣಸಿ ಸೋತಿದ್ದ ಸಿಂಧು, 2018ರ ಫೈನಲ್‌ನಲ್ಲೂ ಸೋತಿದ್ದರು. ಈ ಸಲ ಅದೇ ಒಕುಹರಾ ಎದುರು 21-7, 21-7. ಬರೀ 38 ನಿಮಿಷ! ಪರಿಹಾರದ ಅರ್ಜಿ ಯಾವ ಮೇಜಿನ ಮೇಲಿದೆಯೆಂದು ತಿಳಿಯದೆ ಕುಳಿತವರಿಗೆ, ಅಂದೇ ಶುರುವಾಗಿ ಅಂದೇ ಮುಗಿಯುವ ಸಂಗತಿಯೊಂದು ಕಣ್ಣೆದುರು ಸಿಕ್ಕಿತು. ಆಟದಿಂದ ದುಃಖ ಮರೆತುಹೋಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಕಾಯುವುದರಿಂದ ಒಂದಿಷ್ಟು ಹೊತ್ತು ಬಿಡುಗಡೆ ಸಿಗುತ್ತದೆ, ಅಷ್ಟೆ.

ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿದ್ದ ಆ ದಿನಗಳಲ್ಲಿ ನಿಮ್ಮ ಕಡೆಯ ಒಂದು ಶಾಲೆಗೆ ನಾನೂ ಹೋಗಿದ್ದೆ. ಮಳೆ ಬಿಟ್ಟ ಹೊತ್ತಿನಲ್ಲಿ ಹುಡುಗರು ಟಾರ್ಪಾಲಿನ ಹಗ್ಗವನ್ನೇ ನೆಟ್ ಮಾಡಿಕೊಂಡು ವಾಲಿಬಾಲ್ ಆಡುತ್ತಿದ್ದರು. ನೀರು ಕುಡಿದ ಚೆಂಡು ಎಷ್ಟು ಭಾರವಾಗಿತ್ತೆಂದರೆ, ಸರ್ವ್ ಮಾಡಿದವನು ಪ್ರತಿ ಸಲವೂ ಕೈ ಕೊಡವಿಕೊಳ್ಳುತ್ತಿದ್ದ. ಕಪ್ಪುಹಲಗೆಯ ಎಡಕ್ಕೆ ಯಾವ ಮನೆಗೆ ಎಷ್ಟು ಕಂಬಳಿ ಎಂಬ ಲೆಕ್ಕ, ಬಲಕ್ಕೆ ಪಂದ್ಯದ ಸ್ಕೋರು. ಕಂಬಳಿ ಲೆಕ್ಕ ತಿದ್ದಲು ಬಂದವರೊಬ್ಬರು ಸ್ಕೋರನ್ನೂ ಒರೆಸಿಬಿಟ್ಟರು. ಶುರುವಾಯಿತು ನೋಡಿ ಜಗಳ! ಮನೆಯೇ ಹೋದವರು ಎರಡು ಪಾಯಿಂಟಿಗಾಗಿ ಹತ್ತು ನಿಮಿಷ ಕಿತ್ತಾಡಿದರು. ಅನ್ನ ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದೇ ಬಂದು, “ಹದಿನೆಂಟು, ಹದಿನಾರು, ನಾನೇ ನೋಡಿದ್ದೇನೆ” ಎಂದು ತೀರ್ಪು ಕೊಟ್ಟರು. ಯಾರೂ ಎದುರಾಡಲಿಲ್ಲ.

ಜಪಾನಿನಲ್ಲಿ 2011ರ ಮಾರ್ಚ್‌ನಲ್ಲಿ ಭೂಕಂಪ, ಸುನಾಮಿ. ಜುಲೈನಲ್ಲಿ ಅಲ್ಲಿನ ಮಹಿಳೆಯರು ಅಮೆರಿಕವನ್ನು ಪೆನಾಲ್ಟಿಯಲ್ಲಿ ಮಣಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದರು. ಆ ಕಪ್ಪಿನಿಂದ ಯಾರ ಮನೆಯ ಗೋಡೆಯೂ ಏಳಲಿಲ್ಲ, ನಿಜ. ಗೋಡೆ ಕಟ್ಟಿಕೊಡಬೇಕಾದವರು ಬೇರೆ. ಅವರನ್ನು ಕೇಳುವುದನ್ನು ನೀವು ಬಿಡಬೇಡಿ.

ಈ ಉತ್ತರವನ್ನು ದೊಡ್ಡಪ್ಪನಿಗೆ ಓದಿ ಹೇಳಲು ಹೋಗಬೇಡಿ, ವಾದ ಬೆಳೆದೀತು. ಮುಂದಿನ ಫೈನಲ್ ದಿನ ಟಿ.ವಿ. ಎದುರು ಅವರಿಗೂ ಒಂದು ಕುರ್ಚಿ ಹಾಕಿ, ಕಾಫಿ ಕೊಡಿ. ಗೊಣಗಿದರೆ ಗೊಣಗಲಿ.